ಅಮಾವಾಸ್ಯೆಗೆ ಹತ್ತಿದ ಲೈನು

ಅಣ್ಣನ ಕಣ್ಣು ಒಮ್ಮೆಲೇ ಹೋಗಲಿಲ್ಲ. ಅಂಚಿನಿಂದ ಹೋಗತೊಡಗಿತು. ಮೊದಲು ಸಂಜೆ ಹೊತ್ತು ಹೊಸ್ತಿಲು ಕಾಣದಾಯಿತು. ಆಮೇಲೆ ಹಗಲಿನಲ್ಲೇ ಮಗ್ಗುಲಲ್ಲಿಟ್ಟ ತಂಬಿಗೆ ಒದ್ದು ನೀರು ಚೆಲ್ಲಿದ. ಎದುರಿಗೆ ಇದ್ದದ್ದು ಮಾತ್ರ ಸ್ವಚ್ಛ ಕಾಣುತ್ತಿತ್ತು. ಮಗ್ಗದ ಮೇಲೆ ಒಂದು ಎಳೆ ಹರಿದರೂ ಹುಡುಕಿ ಗಂಟು ಹಾಕುವ ಮನುಷ್ಯ, ಪಕ್ಕದಲ್ಲಿ ಚಹಾ ಹಿಡಿದು ನಿಂತ ಹೆಂಡತಿಗೆ ಡಿಕ್ಕಿ ಹೊಡೆಯುತ್ತಿದ್ದ. ಅವಳು, ನನ್ನ ವೈನಿ, ಮೊದಮೊದಲು "ಕಣ್ಣ ಎಲ್ಲಿ ಇಟ್ಟೀರಿ?" ಎಂದು ಬೈಯುತ್ತಿದ್ದಳು. ಒಂದು ದಿನ ಬೈಯುವುದನ್ನು ಬಿಟ್ಟುಬಿಟ್ಟಳು.

ನನ್ನ ತವರು, ಕೊಟ್ಟ ಮನೆ ಎರಡೂ ಇಳಕಲ್ಲಿನಲ್ಲೇ. ನಡುವೆ ಎರಡು ಓಣಿ. ತವರಿನ ಹಿಂದಿನ ಶೆಡ್ಡಿನಲ್ಲಿ ಅಣ್ಣನ ಪವರ್‌ಲೂಮುಗಳು, ರಸ್ತೆಗೆ ತೆರೆದ ಮುಂದಿನ ಕೋಣೆಯಲ್ಲಿ ನನ್ನ ಟೈಪಿಂಗ್ ಕ್ಲಾಸು. ಮದುವೆಯಾದ ಮೇಲೂ ಹಗಲೆಲ್ಲ ನಾನು ಅಲ್ಲೇ ಇರುತ್ತಿದ್ದೆ. "ಗಂಡನ ಮನಿಗೆ ಹೋಗಂದ್ರ ಟೈಪಿಂಗ್ ಮಷೀನ್ ತಂದಿಟ್ಟು ಇಲ್ಲೇ ಠಿಕಾಣಿ ಹೂಡ್ಯಾಳ ನೋಡು" ಎಂದು ಅಣ್ಣ ನಗುತ್ತಿದ್ದ. ಎರಡು ಸಾವಿರದ ಇಸವಿ ಬರುವ ಹೊತ್ತಿಗೆ ಟೈಪಿಂಗಿಗೆ ಹುಡುಗರು ಬರುವುದು ಕಡಿಮೆಯಾಗಿತ್ತು. ಎಲ್ಲರಿಗೂ ಕಂಪ್ಯೂಟರೇ ಬೇಕು. ನಾನೂ ಹಟಕ್ಕೆ ಬಿದ್ದು ಬಾಗಲಕೋಟೆಯಿಂದ ಒಂದನ್ನು ತರಿಸಿದೆ. ಮಾರಿದವನ ಹಳೆಯ ಅಂಗಡಿ ಅಣೆಕಟ್ಟಿನ ಮುಳುಗಡೆಗೆ ಹೋಗಿ, ನವನಗರದಲ್ಲಿ ಹೊಸದು ತೆಗೆದಿದ್ದ. ಇನ್ನೂ ಬಾಗಿಲಿಗೆ ಬಣ್ಣ ಸಹ ಹೊಡೆದಿರಲಿಲ್ಲ.

ಇಂಟರ್ನೆಟ್ ಬೇಕೆಂದರೆ ಟೆಲಿಫೋನು ಬೇಕು. ನಮ್ಮ ಮನೆಯ ಟೆಲಿಫೋನು ಹಿಂದೆ ಶೆಡ್ಡಿನ ಬಾಗಿಲ ಹತ್ತಿರ ಇತ್ತು. ಅಲ್ಲಿಂದ ಮುಂದಿನ ಕೋಣೆಯವರೆಗೆ ವಾಯರ್ ಎಳೆದವನು ಅಣ್ಣನೇ. ಲೈನ್‌ಮನ್ ಬರಲಿ ಎಂದರೆ ಕೇಳಲಿಲ್ಲ. ಮೀಟರಿನಿಂದ ಮಗ್ಗಗಳಿಗೆ ಕರೆಂಟ್ ಒಯ್ಯುವ ದಪ್ಪ ವಾಯರ್ ಮನೆಯ ಉದ್ದಕ್ಕೂ ಗೋಡೆ ಹಿಡಿದು ಹೋಗಿತ್ತು. ಅದಕ್ಕೇ ಈ ಸಣ್ಣ ವಾಯರನ್ನು ಜೋಡಿಸಿ, ಗೇಣಿಗೊಂದರಂತೆ ನೂಲಿನಿಂದ ಬಿಗಿದು ಗಂಟು ಹಾಕುತ್ತ ಬಂದ. ನೇಕಾರನ ಕೈ ಅದು, ಎರಡು ಎಳೆ ಬೇರೆ ಬೇರೆ ಜೋತು ಬಿದ್ದದ್ದನ್ನು ಕಂಡರೆ ಸುಮ್ಮನಿರುವುದಿಲ್ಲ. "ನೋಡು, ಒಂದೂ ಜೋಲು ಬಿಟ್ಟಿಲ್ಲ" ಎಂದು ಕೊನೆಯ ಗಂಟು ಹಾಕಿ ತೋರಿಸಿದ. ಖರೇ ಹೇಳಬೇಕೆಂದರೆ ನನಗೂ ಅದು ಚಂದ ಕಂಡಿತ್ತು.

ಇನ್ನೊಂದು ಮಾತು ಈಗಲೇ ಹೇಳಿಬಿಡಬೇಕು. ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನವೇ ನಾನು ಎಲ್ಲರೆದುರಿಗೆ "ಇಕಿ ನನ್ನ ಸೊಸಿ" ಎಂದು ಹೇಳಿ ಕೂಸಿನ ಹಣೆಗೆ ಕುಂಕುಮ ಇಟ್ಟಿದ್ದೆ. ನನ್ನ ಮಗ ಆಗ ಮೂಗು ಸುರಿಸಿಕೊಂಡು ಓಡಾಡುವ ವಯಸ್ಸಿನವನು. ನಮ್ಮಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ತಂಗಿಗೆ ಮಗನಿದ್ದೂ ಅಣ್ಣ ತನ್ನ ಮಗಳನ್ನು ಹೊರಗೆ ಕೊಟ್ಟರೆ ಅದೇ ಸುದ್ದಿ. ನಮ್ಮ ಅವ್ವ ಅಪ್ಪನ ಸ್ವಂತ ಅಕ್ಕನ ಮಗಳು. ಹಾಗೆಯೇ ನಡೆದು ಬಂದಿತ್ತು.

ಮಕ್ಕಳಿಗೂ ಇದು ಗೊತ್ತಿತ್ತು, ಒಲ್ಲೆ ಅನ್ನುವವರು ಯಾರೂ ಇರಲಿಲ್ಲ. ನನ್ನ ಮಗ ಹುನಗುಂದದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಪ್ರತಿ ಶನಿವಾರ ಬರುವಾಗ ಬಸ್‌ಸ್ಟ್ಯಾಂಡಿನ ಚುರುಮರಿ ಕಟ್ಟಿಸಿಕೊಂಡು ಬಂದು, ಹಿತ್ತಲ ಗೋಡೆಯ ಮೇಲಿಂದ ಅವಳಿಗೆ ಕೊಡುತ್ತಿದ್ದ. ಬಾಗಿಲು ಇದ್ದೂ ಗೋಡೆ ಯಾಕೆ ಎಂದು ನಾನು ಕೇಳಲಿಲ್ಲ. ನನಗೇನು ಕಣ್ಣಿಲ್ಲವೆ? ವೈಶಾಖದಲ್ಲಿ ಮದುವೆ ಮಾಡುವುದೆಂದು ಮಾತಾಗಿತ್ತು. ಅಣ್ಣನಿಗೆ ಬೇಕಾಗಿದ್ದು ಅಷ್ಟೇ. ಕಣ್ಣು ಪೂರ್ತಿ ಮುಚ್ಚುವ ಮೊದಲು ಆ ಮದುವೆ ನೋಡಬೇಕು.

ಬಾಗಲಕೋಟೆಯ ಕಣ್ಣಿನ ಡಾಕ್ಟರರು ಕತ್ತಲೆ ಕೋಣೆಯಲ್ಲಿ ಕೂರಿಸಿ, ಬೆಳಕು ಬಿಟ್ಟು ನೋಡಿ, ರೋಗದ ಹೆಸರು ಹೇಳಿದರು. ಉದ್ದನೆಯ ಇಂಗ್ಲಿಷ್ ಹೆಸರು. "ಇದಕ್ಕ ನಮ್ಮಲ್ಲಿ ಔಷಧ ಇಲ್ರಿ. ಹೊರದೇಶದಾಗ ಏನರ ನಡದಿದ್ರ ನಡದಿರಬೌದು" ಅಂದರು. ಅವರು ಸಮಾಧಾನಕ್ಕೆ ಅಂದ ಮಾತು ಅದು. ಆದರೆ ಅಣ್ಣನ ಮಗಳು ಆ ಹೆಸರನ್ನು ಅಲ್ಲೇ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು. ಬಸ್ಸು ಕಮತಗಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಅತ್ತಿ, ಹೊರದೇಶದ್ದೆಲ್ಲಾ ಇಂಟರ್ನೆಟ್ಟಿನ್ಯಾಗ ಸಿಗತೈತಿ ಅಂತಿದ್ದಿಯಲ್ಲಾ? ಇದು ಸಿಗತೈತೇನು?"

"ಯಾಕ ಸಿಗೂದಿಲ್ಲ? ನಾ ಹುಡುಕಿ ಕೊಡ್ತೇನಿ" ಅಂದೆ. ಅಷ್ಟು ಜೋರಾಗಿ ಅಂದೆನೆಂದರೆ ಮುಂದಿನ ಸೀಟಿನಲ್ಲಿದ್ದ ಅಣ್ಣನೂ ತಿರುಗಿ ನೋಡಿದ.

ಆ ಕಾಲದಲ್ಲಿ ಹುಡುಕುವುದು ಈಗಿನಷ್ಟು ಸಲೀಸಲ್ಲ. ಹುಡುಕಿಕೊಡುವ ತಾಣಗಳು ಹತ್ತಾರು. ಒಂದರಲ್ಲಿ ಸಿಕ್ಕಿದ್ದು ಇನ್ನೊಂದರಲ್ಲಿ ಇಲ್ಲ. ಒಂದೊಂದನ್ನೇ ತೆರೆದು ಕೇಳುತ್ತ ಕೂತರೆ ಟೆಲಿಫೋನ್ ಲೈನು ಅಷ್ಟು ಹೊತ್ತು ತಡೆಯುತ್ತಿರಲಿಲ್ಲ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಿಟ್ಟಿ ಬಂದ ಸೀಡಿಯಲ್ಲಿ ಇದಕ್ಕೆಂದೇ ಒಂದು ಪ್ರೋಗ್ರಾಮ್ ಇತ್ತು. ನಮಗೆ ಬೇಕಾದ ಪದವನ್ನು ಒಂದು ಸಲ ಅದರಲ್ಲಿ ಹೊಡೆದರೆ ಸಾಕು, ತಾನೇ ಎಲ್ಲ ತಾಣಗಳಿಗೂ ಹೋಗಿ ಕೇಳಿ, ಬಂದ ಉತ್ತರಗಳನ್ನು ಒಟ್ಟು ಮಾಡಿ ನಮ್ಮ ಕಂಪ್ಯೂಟರಿನಲ್ಲಿ ಇಡುತ್ತದೆ. ಆಮೇಲೆ ಲೈನು ಬಿಟ್ಟು ಸಾವಕಾಶವಾಗಿ ಓದಿಕೊಳ್ಳಬಹುದು. ನನಗೆ ಇದು ದೇವರೇ ಕಳಿಸಿದ ಹಾಗೆ ಕಂಡಿತು.

ಹಾಕಲು ಕೂತರೆ ಒಂದಲ್ಲ ಒಂದು ರಗಳೆ. ಮೊದಲು ಒಂದು ಉದ್ದನೆಯ ಕರಾರು ತೋರಿಸಿ "ಒಪ್ಪಿಗೆಯೇ?" ಎಂದಿತು. ಓದದೆ ಒಪ್ಪುವ ಜಾತಿ ನನ್ನದಲ್ಲ. ಪೂರ್ತಿ ಓದಿದೆ, ಏನೂ ತಿಳಿಯಲಿಲ್ಲ, ಒಪ್ಪಿದೆ. ಆಮೇಲೆ ನಿಮ್ಮ ಬ್ರೌಸರ್ ಹಳೆಯದು, ಹೊಸದು ಹಾಕಿ ಎಂದಿತು. ಅದೂ ಅದೇ ಸೀಡಿಯಲ್ಲಿತ್ತು, ಹಾಕಿದೆ. ಆಮೇಲೆ ಡಿಸ್ಕಿನಲ್ಲಿ ಜಾಗ ಇಲ್ಲ ಎಂದಿತು. ಕಲಿಯಲು ಬರುವ ಹುಡುಗರು ನನ್ನ ಕಣ್ಣು ತಪ್ಪಿಸಿ ತುಂಬಿದ್ದ ಕಾರಿನ ಆಟಗಳನ್ನೆಲ್ಲ ಬೈಯುತ್ತ ಬೈಯುತ್ತ ಅಳಿಸಿದೆ. ಮುಕ್ಕಾಲು ಪಾಲು ಮುಗಿದಿತ್ತು, ಕರೆಂಟ್ ಹೋಯಿತು. ಮತ್ತೆ ಮೊದಲಿಂದ. ಕಡೆಗೊಮ್ಮೆ ಪ್ರೋಗ್ರಾಮ್ ತೆರೆದುಕೊಂಡಾಗ ಎಡಗಡೆ ತಾಣಗಳ ಹೆಸರು ಸಾಲಾಗಿ ಬಂದವು. ಪ್ರತಿ ಹೆಸರಿನ ಮುಂದೆ ಒಂದು ಪುಟ್ಟ ಮರಳುಗಡಿಯಾರ. ಉತ್ತರ ಬಂದರೆ ಹಸಿರು ಗುರುತು, ಬರದಿದ್ದರೆ ಕೆಂಪು ಕಾಟು.

ಅಣ್ಣನ ಮಗಳೇ ಹೆಸರು ಹೊಡೆದಳು. ಅಂಗೈ ಮೇಲಿನ ಶಾಯಿ ಎಂದೋ ಅಳಿಸಿತ್ತು, ಅವಳಿಗೆ ಬಾಯಿಪಾಠ ಆಗಿತ್ತು. ಮೋಡೆಮ್ ಕಿರ್ರನೆ ಕೂಗಿ ಲೈನು ಹತ್ತಿತು. ಒಂದು ಹಸಿರು ಬಂತು. ಇನ್ನೊಂದು ಬಂದೀತು ಎನ್ನುವಷ್ಟರಲ್ಲಿ ಲೈನು ಕಡಿದು, ಮೇಲಿಂದ ಕೆಳಗಿನವರೆಗೆ ಕೆಂಪೋ ಕೆಂಪು. ಮತ್ತೆ ಹಚ್ಚಿದೆವು, ಮತ್ತೆ ಅದೇ. ಮರುದಿನವೂ ಅದೇ.

ಬಾಗಲಕೋಟೆಯ ಅಂಗಡಿಯವನಿಗೆ ಫೋನ್ ಮಾಡಿದರೆ ಅವನದು ಒಂದೇ ಮಂತ್ರ. "ಮೇಡಂ, ಪ್ರೋಗ್ರಾಮ್ ತಗದು ಮತ್ತ ಹಾಕ್ರಿ."

"ತಗದು ಹಾಕಿ ತಗದು ಹಾಕಿ ನನ್ನ ಕೈಬೆರಳ ಸವದಾವು. ಬ್ಯಾರೆ ಏನರ ಇದ್ರ ಹೇಳ್ರಿ."

"ಹಂಗಾರ ವಿಂಡೋಸೇ ತಗದು ಹಾಕ್ರಿ."

ಅದನ್ನೂ ಮಾಡಿದೆ. ಮೋಡೆಮ್ ಬದಲಿಸಿದೆ. ಲೈನ್‌ಮನ್ ಬಂದು ಕಂಬದ ಹತ್ತಿರ ರಿಸೀವರ್ ಹಚ್ಚಿ ಕೇಳಿ, "ಲೈನ್ ಕನ್ನಡಿ ಇದ್ದಂಗ ಐತ್ರೀ ಅಕ್ಕಾರ" ಎಂದು ಚಹಾ ಕುಡಿದು ಹೋದ. ಕಂಪ್ಯೂಟರಿನೊಳಗೆ ನೂಲಿನ ಧೂಳು ಹೋಗಿರಬೇಕೆಂದು ಡಬ್ಬಿ ಬಿಚ್ಚಿ ಸೀರೆ ಸೆರಗಿನಿಂದ ಒರೆಸಿದೆ. ಏನು ಮಾಡಿದರೂ ಅಷ್ಟೇ. ದಿನಾ ಬೆಳಿಗ್ಗೆ ಅಣ್ಣ ಮಗ್ಗ ಚಾಲೂ ಮಾಡಿ ನನ್ನ ಕೋಣೆಯ ಬಾಗಿಲಿಗೆ ಬಂದು, "ಏನಂತೈತಿ ನಿನ್ನ ಡಬ್ಬಿ?" ಎಂದು ಕೇಳುತ್ತಿದ್ದ. ನನ್ನ ಮುಖ ನೋಡಲು ಕತ್ತನ್ನು ಅತ್ತಿತ್ತ ಆಡಿಸಿ ಹುಡುಕುತ್ತಿದ್ದ. ನನಗೆ ಆ ಡಬ್ಬಿಯ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಎತ್ತಿ ರಸ್ತೆಗೆ ಒಗೆಯಬೇಕು ಅನಿಸುತ್ತಿತ್ತು.

ಅಮಾವಾಸ್ಯೆ ಬಂತು. ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ನಡೆಯುವುದಿಲ್ಲ. ಲಾಳಿ ತೆಗೆದು, ಮಗ್ಗ ಒರೆಸಿ, ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ ಕಾಯಿ ಒಡೆಯುತ್ತಾರೆ. ಅಣ್ಣನ ಲೆಕ್ಕದಲ್ಲಿ ನನ್ನ ಕಂಪ್ಯೂಟರೂ ಒಂದು ಮಗ್ಗವೇ. ತಂದ ಮೊದಲ ತಿಂಗಳೇ ಅದಕ್ಕೂ ವಿಭೂತಿ ಹಚ್ಚಿ, ಬಟ್ಟೆ ಹೊದಿಸಿ, ಮುಟ್ಟಬೇಡ ಅಂದಿದ್ದ. ಹೀಗಾಗಿ ಅಮಾವಾಸ್ಯೆ ದಿನ ನನ್ನ ಕ್ಲಾಸಿಗೂ ಬೀಗ. ಆದರೆ ಆ ಸಲ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಬಂದು ಬಟ್ಟೆ ತೆಗೆದೆ.

"ಅಮಾಸಿ ದಿನ ಹೊಸಾದು ಚಾಲೂ ಮಾಡಬಾರದು ತಂಗಿ" ಎಂದು ಅಣ್ಣ ಶೆಡ್ಡಿನಿಂದಲೇ ಕೂಗಿದ.

"ಹೊಸಾದೇನೂ ಅಲ್ಲ. ಇದು ನಂದೂ ಇದರದೂ ಹಳೇ ಜಗಳ" ಎಂದು ನಾನೂ ಕೂಗಿದೆ.

ಲೈನು ಹತ್ತಿತು. ಒಂದು ಹಸಿರು. ಎರಡನೆಯದು. ನಾನೂ ಅಣ್ಣನ ಮಗಳೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಒಂದಾದ ಮೇಲೊಂದು ಮರಳುಗಡಿಯಾರ ಮಾಯವಾಗಿ ಹಸಿರು ಮೂಡುತ್ತ ಹೋಯಿತು. ಕೆಳಗಿನ ಒಂದೆರಡು ತಾಣಗಳು ಮಾತ್ರ ಕೆಂಪಾದವು, ಅವೇನು ನಮಗೆ ಬೇಕಿರಲಿಲ್ಲ. ಉತ್ತರಗಳು ಪರದೆಯ ತುಂಬ ಬಂದು ಬಿದ್ದವು. ನಾನು ಚಪ್ಪಾಳೆ ತಟ್ಟಿ, "ಅಣ್ಣಾ, ಬಂತೋ! ಬಾ ಇಲ್ಲೆ!" ಎಂದು ಒದರಿದೆ. ವೈನಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಅಣ್ಣ ವಿಭೂತಿ ಕೈಯಲ್ಲೇ ಬಂದು ಬೆಂಚಿನ ಮೇಲೆ ಕೂತ.

ಅಣ್ಣನ ಮಗಳು ಪಿಯುಸಿ ಮುಗಿಸಿದವಳು, ಇಂಗ್ಲಿಷ್ ನನಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಒಂದು ಪುಟ ತೆರೆದು ನಮ್ಮ ಮಾತಿನಲ್ಲಿ ಹೇಳುತ್ತ ಹೋದಳು.

"ಕಣ್ಣಿನ ಒಳಗಿನ ಪರದಿ ಸಾವಕಾಶ ಸಾಯತೈತಂತ. ಮೊದಲ ಇರುಳ ಕಾಣೂದಿಲ್ಲಂತ. ಆಮ್ಯಾಲೆ ಬಾಜೂದ್ದು ಕಾಣೂದಿಲ್ಲಂತ. ಕೊಳವ್ಯಾಗಿಂದ ನೋಡಿದಂಗ ನಡೂವಿಂದಷ್ಟ ಉಳಿತೈತಂತ."

"ಖರೆ ಐತಿ. ನನ್ನ ನೋಡೇ ಬರದಾರ" ಅಂದ ಅಣ್ಣ. ಅವನ ದನಿಯಲ್ಲಿ ಸಂತೋಷವಿತ್ತು. ಎಲ್ಲೋ ಯಾರಿಗೋ ತನ್ನ ಕಷ್ಟ ಗೊತ್ತಿದೆ ಎನ್ನುವ ಸಂತೋಷ. "ಔಷಧ ಏನಂತಾರ?"

ಅವಳು ಒಂದು ಪುಟ, ಇನ್ನೊಂದು ಪುಟ ತೆರೆದಳು. "ಇನ್ನೂ ಹುಡುಕಾಕತ್ತಾರಂತ ಅಪ್ಪಾ. ಸದ್ಯಕ್ಕ ಇಲ್ಲಂತ."

ವೈನಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಣ್ಣನೇ, "ಇರಲಿ, ಮುಂದ ಓದು" ಅಂದ. ಅವಳು ಓದತೊಡಗಿ, ಅರ್ಧಕ್ಕೆ ನಿಂತಳು. ಹೊರಗೆ ಇಡೀ ಓಣಿಯ ಮಗ್ಗಗಳು ನಿಂತಿದ್ದವು. ಹರಿದ ಎಳೆಯನ್ನು ಸಪ್ಪಳದ ಮೇಲೇ ಹೇಳುವ ಅಣ್ಣನಿಗೆ ಮಗಳು ತಡೆದದ್ದು ಕೇಳಿಸಿತು.

"ಯಾಕ ನಿಂತಿವಾ?"

"ಏನಿಲ್ಲಪ್ಪಾ. ಮುಂದಿಂದು ಡಾಕ್ಟರ್ ಮಂದಿಗೆ ಬರದದ್ದು."

"ಅದನ್ನ ಕೇಳಾಕ ಅಂತನ ಕುಂತೇನಿ. ಓದು."

ಅವಳು ನನ್ನ ಮುಖ ನೋಡಿದಳು. ನನಗೆ ಆಗ ಅರ್ಥವಾಗಲಿಲ್ಲ, ಓದು ಎಂದು ನಾನೂ ತಲೆ ಅಲ್ಲಾಡಿಸಿದೆ. ಅವಳು ಪರದೆಯತ್ತ ತಿರುಗಿ, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು. "ಇದು ಮನಿತನದಾಗ ಬರೂ ಬ್ಯಾನಿ. ರಕ್ತಸಂಬಂಧದಾಗ ಮದುವಿ ಆದಲ್ಲೆ ಹೆಚ್ಚ ಕಾಣತೈತಿ. ಮನ್ಯಾಗ ಒಬ್ಬರಿಗೆ ಬಂದಿದ್ರ, ಮತ್ತ ಸಂಬಂಧದಾಗ ಮದುವಿ ಮಾಡೂ ಮುಂದ ಭಾಳ ವಿಚಾರ ಮಾಡಬೇಕು. ಹುಟ್ಟೂ ಮಕ್ಕಳಿಗೆ ಬರಬೌದು."

ಹೇಳಿ ಮುಗಿಸಿ, ಕೈ ಎರಡೂ ಮಡಿಲಲ್ಲಿಟ್ಟುಕೊಂಡು ಕೂತಳು. ಔಷಧ ಕೇಳಲು ಹೋದವರು ನಾವು. ಕೇಳದೆ ಇದ್ದದ್ದಕ್ಕೆ ಉತ್ತರ ಬಂದು ಕೂತಿತ್ತು.

ಅಣ್ಣ ನನ್ನ ಕಡೆ ತಿರುಗಿ ಕೇಳಿದ. "ತಂಗಿ, ಅಪ್ಪಾಗೂ ಇದ ಇತ್ತೇನು?"

ಅಪ್ಪ ದೀಪ ಹಚ್ಚುವ ಮೊದಲೇ ಮನೆ ಸೇರುತ್ತಿದ್ದ. ಮದುವೆ, ಮುಂಜಿ, ಜಾತ್ರೆ, ಯಾವುದಕ್ಕೂ ಸಂಜೆಯ ಮೇಲೆ ಹೊರಗೆ ಕಾಲಿಡುತ್ತಿರಲಿಲ್ಲ. ಊರವರು ಅದನ್ನು ಗತ್ತು ಅನ್ನುತ್ತಿದ್ದರು. ಎಲ್ಲಾದರೂ ತಡವಾದರೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬರುತ್ತಿದ್ದ. ಅಷ್ಟು ಮಕ್ಕಳಲ್ಲಿ ನನ್ನ ಮೇಲೇ ಅಪ್ಪನಿಗೆ ಜೀವ ಎಂದು ನಾನು ಬೀಗುತ್ತಿದ್ದೆ. ದಾರಿ ತೋರಿಸಲು ನಾನು ಬೇಕಾಗಿದ್ದೆ ಎಂದು ಆ ಬೆಂಚಿನ ಮುಂದೆ ನಿಂತಾಗ ತಿಳಿಯಿತು.

ವೈನಿಗೆ ಮಾತ್ರ ಒಂದು ದಾರಿ ಕಂಡಿತು. ಮರುದಿನ ನನ್ನ ಹತ್ತಿರ ಬಂದು ಪಿಸುದನಿಯಲ್ಲಿ, "ಅಮಾಸಿ ದಿನ ಕೇಳಿದ್ರ ಹಿಂಗ ಹೇಳತೈತಿ. ಶುಕ್ರವಾರ ತಲಿ ಮ್ಯಾಲೆ ನೀರ ಹಾಕ್ಕೊಂಡ ಬಂದು ಕೇಳು" ಅಂದಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಆವತ್ತು, "ಆತು ವೈನಿ" ಅಂದೆ.

ಆದರೆ ಮಗ್ಗಗಳು ಚಾಲೂ ಆದ ಕೂಡಲೇ ಲೈನು ಮತ್ತೆ ಮೊದಲಿನಂತೆ ಕಡಿಯತೊಡಗಿತು. ಆಗ ನನ್ನ ತಲೆಗೆ ಹೊಳೆಯಿತು. ಇಷ್ಟು ದಿನ ಮಗ್ಗ ನಿಂತಾಗ ನಾನು ಈ ಕೆಲಸ ಮಾಡಿಯೇ ಇರಲಿಲ್ಲ. ರಾತ್ರಿ ಮಗ್ಗ ನಿಲ್ಲುವ ಮೊದಲೇ ನಾನು ಮನೆಗೆ ಹೋಗಿರುತ್ತಿದ್ದೆ, ಕರೆಂಟ್ ಹೋದರೆ ಮಗ್ಗದ ಜೊತೆ ಕಂಪ್ಯೂಟರೂ ನಿಲ್ಲುತ್ತಿತ್ತು, ಅಮಾವಾಸ್ಯೆಗೆ ಎರಡಕ್ಕೂ ರಜೆ. "ಅಣ್ಣಾ, ಒಂದೀಟು ಮಗ್ಗ ನಿಂದ್ರಸು" ಎಂದೆ. ನಿಲ್ಲಿಸಿದ. ಲೈನು ಕಡಿಯದೆ ನಿಂತಿತು. "ಹಚ್ಚು" ಎಂದೆ. ಹಚ್ಚಿದ. ಕಡಿಯಿತು. ಅಣ್ಣ ಗೋಡೆಯ ಹತ್ತಿರ ಬಂದು ತಾನು ಬಿಗಿದ ವಾಯರುಗಳ ಮೇಲೆ ಬೆರಳಾಡಿಸುತ್ತ ನಿಂತ. ಮಗ್ಗದ ಕರೆಂಟ್ ಓಡುವ ವಾಯರಿಗೆ ಮನೆಯ ಉದ್ದಕ್ಕೂ ಒತ್ತಿಕೊಂಡು ಟೆಲಿಫೋನಿನ ವಾಯರ್. ಮೋಟಾರುಗಳ ಗದ್ದಲವೆಲ್ಲ ಇದರೊಳಗೆ ಇಳಿಯುತ್ತಿತ್ತು.

"ನಾನ ಕಟ್ಟಿದ್ದು" ಅಂದ. ಮಗ್ಗ ಬಂದ್ ಮಾಡಿ, ಮೀಟರಿನ ಫ್ಯೂಸ್ ತೆಗೆಸಿ, ಒಂದೊಂದೇ ಗಂಟು ಬಿಚ್ಚತೊಡಗಿದ. ಕತ್ತರಿ ತರಲೇ ಎಂದರೆ ಬೇಡವೆಂದ. ಕಣ್ಣು ಮುಚ್ಚಿಕೊಂಡು, ಬರೀ ಬೆರಳಿನಲ್ಲಿ, ನೂಲು ಹರಿಯದ ಹಾಗೆ ಬಿಚ್ಚುತ್ತ ಮುಂದಿನ ಕೋಣೆಯವರೆಗೆ ಬಂದ. ಸಣ್ಣ ವಾಯರನ್ನು ಎದುರಿನ ಗೋಡೆಗೆ ಎಳೆದುಕಟ್ಟಿದ ಮೇಲೆ ಮಗ್ಗ ಎಷ್ಟು ಬಡಿದರೂ ಲೈನು ಕಡಿಯಲಿಲ್ಲ.

ಶುಕ್ರವಾರ ತಲೆ ಮೇಲೆ ನೀರು ಹಾಕಿಕೊಂಡು ಬಂದು ಕೂತೆ. ಆ ಪ್ರೋಗ್ರಾಮನ್ನು ಪೂರ್ತಿ ಕಿತ್ತುಹಾಕಿದೆ. ಅಂಗಡಿಯವನ ಮಂತ್ರ ಆಗ ನನಗೆ ಬೇಕಾಯಿತು. ಅದರ ಹಳೆಯ ಉತ್ತರಗಳನ್ನು, ಮಿಕ್ಕ ಫೈಲುಗಳನ್ನು, ಒಂದೂ ಬಿಡದೆ ಅಳಿಸಿದೆ. ಸೀಡಿ ಒರೆಸಿ ಹೊಸದಾಗಿ ಹಾಕಿ, ಅದೇ ಕರಾರಿಗೆ ಮತ್ತೆ ಒಪ್ಪಿ, ಅದೇ ಹೆಸರು ಹೊಡೆದೆ. ಎಲ್ಲವೂ ಹಸಿರು. ಕಳೆದ ಸಲ ಕೆಂಪಾಗಿದ್ದ ತಾಣಗಳು ಸಹ ಹಸಿರು. ಒಂದೊಂದೇ ಪುಟ ತೆರೆದು ನಿಘಂಟು ಹಿಡಿದು ಓದಿದೆ. ಯಾರಾದರೂ ಒಬ್ಬರು, ಯಾವ ದೇಶದವರಾದರೂ ಸರಿ, ಸಂಬಂಧದಲ್ಲಿ ಮದುವೆ ಮಾಡಿದರೆ ಏನೂ ಆಗುವುದಿಲ್ಲ ಎಂದು ಬರೆದಿರಲಿ ಎಂದು ಹುಡುಕಿದೆ. ಬೇರೆ ಬೇರೆ ಮಾತಿನಲ್ಲಿ ಎಲ್ಲರೂ ಅದನ್ನೇ ಬರೆದಿದ್ದರು. ಮರುವಾರ ಮತ್ತೆ ಕಿತ್ತು ಮತ್ತೆ ಹಾಕಿದೆ. ಅದು ಕೆಟ್ಟಿಲ್ಲ, ಸರಿಯಾಗಿಯೇ ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ.

ಕೊನೆಗೆ ಅಣ್ಣ ನಾನು ಇಬ್ಬರೇ ಬಾಗಲಕೋಟೆಗೆ ಹೋಗಿ ಡಾಕ್ಟರರನ್ನು ಕೇಳಿದೆವು. "ಬಂದ ಬರತೈತಿ ಅಂತ ನಾ ಹೇಳಂಗಿಲ್ಲ. ಬರೂದ ಇಲ್ಲ ಅಂತನೂ ಹೇಳಂಗಿಲ್ಲ. ನಮ್ಮ ಮನಿ ಹೆಣ್ಣಾಗಿದ್ರ ನಾ 'ಬ್ಯಾಡ' ಅಂತಿದ್ದೆ" ಎಂದರು ಅವರು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತ ಕೂತಾಗ ಅಣ್ಣ ಹೇಳಿದ.

"ತಂಗಿ, ಹುಡುಗೀನ ನಿನ್ನ ಮನಿಗೆ ಕೊಡಾಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಮಂದಿ ಇದ್ದಾರೆ ಎನ್ನುವ ಖಬರು ಇರಲಿಲ್ಲ. "ಬರಬೌದು ಅಂತಾರ, ಬರತೈತಿ ಅಂದಿಲ್ಲ. ತೊಟ್ಟಲದಾಗ ಆಡಿದ ಮಾತ್ ಅದು. ಕಣ್ಣಿನ ಜೋಡಿ ಮಾತೂ ಕಳಕೊಂತೀಯೇನು?"

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು. "ನಾಳೆ ಒಂದ ಕೂಸು ಹೊತ್ತ ಮುಳಗಿದ ಕೂಡ್ಲೆ ಗೋಡಿ ಹಿಡಕೊಂಡ ಅಡ್ಡ್ಯಾಡಿದ್ರ, ಅದರ ಮುಂದ ನಾ ಏನ್ ಹೇಳ್ಲಿ? ಅಪ್ಪಾಗ ಗೊತ್ತಿರಲಿಲ್ಲ. ಅವನ್ನ ಯಾರೂ ಕೇಳಾಂಗಿಲ್ಲ. ನನಗ ಗೊತ್ತೈತಿ. ನಿನಗೂ ಗೊತ್ತೈತಿ."

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನನ್ನ ಬೆನ್ನ ಮೇಲೆ ಕೈಯಿಡಲು ಬಂದ ಅವನ ಕೈ ಮೊದಲು ಗಾಳಿಯಲ್ಲಿ ಹುಡುಕಿತು, ಆಮೇಲೆ ಸಿಕ್ಕಿತು.

ಮನೆಗೆ ಬಂದು ಮಗನಿಗೆ ಹೇಳಿದಾಗ, ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಾವ ಅಂದ್ರ ಮುಗೀತು" ಅಂದ. ಆ ಶನಿವಾರವೂ ಚುರುಮರಿ ತಂದ. ಗೋಡೆಯ ಹತ್ತಿರ ಹೋಗಲಿಲ್ಲ, ನನ್ನ ಟೇಬಲ್ಲಿನ ಮೇಲಿಟ್ಟು ಹೋದ. ನಾನು ಪೊಟ್ಟಣವನ್ನು ಅವಳ ಕೈಗೆ ಕೊಡಹೋದೆ. "ನೀನ ತಿನ್ನು ಅತ್ತಿ, ನನಗ ಬ್ಯಾಡ" ಎಂದು ನೂಲಿನ ಕಂಡಿಕೆ ಸುತ್ತುವ ರಾಟಿಯ ಕಡೆ ಹೋದಳು. ಸಂಜೆವರೆಗೂ ಆ ರಾಟಿ ನಿಲ್ಲಲೇ ಇಲ್ಲ. ಮುಂದಿನ ಶನಿವಾರದಿಂದ ಅವನು ಚುರುಮರಿ ತರುವುದನ್ನು ಬಿಟ್ಟ.

ಅಣ್ಣನಿಗೆ ತಡಮಾಡುವಷ್ಟು ಬೆಳಕು ಉಳಿದಿರಲಿಲ್ಲ. ಕಮತಗಿಯಿಂದ ಒಂದು ಸಂಬಂಧ ಬಂತು. ಬಟ್ಟೆ ಅಂಗಡಿಯ ಹುಡುಗ, ನಮಗೆ ಯಾವ ದಿಕ್ಕಿನಿಂದಲೂ ಬಳಗವಲ್ಲ. ಹುಡುಗ ಒಳ್ಳೆಯವನು, ಸುಳ್ಳು ಯಾಕೆ ಹೇಳಲಿ. ಅಣ್ಣ ತನ್ನ ಕಣ್ಣಿನ ಸಂಗತಿಯನ್ನು ಒಂದೂ ಮುಚ್ಚದೆ ಅವರೆದುರಿಗೆ ಹೇಳಿದ. ಅವರು ಒಂದು ವಾರ ವಿಚಾರ ಮಾಡಿ ಹೂಂ ಅಂದರು. ಅಣ್ಣನದು ಒಂದೇ ಷರತ್ತು. ಮುಹೂರ್ತ ನಡುಹಗಲಿನದಾಗಬೇಕು.

ಕೂಡಲಸಂಗಮದಲ್ಲಿ ಮದುವೆ. ಅದೇ ವೈಶಾಖದಲ್ಲಿ. ಕಣ್ಣು ಕುಕ್ಕುವ ಬಿಸಿಲು, ಅಣ್ಣನಿಗೆ ಬೇಕಾಗಿದ್ದೂ ಅದೇ. ವೇದಿಕೆಗೆ ಮೆಟ್ಟಿಲಿದ್ದವೆಂದು, ವೈನಿ ಮಗಳ ಕಡೆ ನಿಲ್ಲಬೇಕಾಗಿದ್ದರಿಂದ, ಅಣ್ಣನ ಕೈ ಹಿಡಿದು ನಿಲ್ಲುವುದು ನನ್ನ ಪಾಲಿಗೆ ಬಂತು. ನನ್ನ ಮಗ ಕಲ್ಯಾಣ ಮಂಟಪದ ಬಾಗಿಲಲ್ಲಿ ತಾಟು ಹಿಡಿದು, ಬಂದವರಿಗೆಲ್ಲ ಅಕ್ಷತೆಯ ಅಕ್ಕಿಕಾಳು ಹಂಚುತ್ತಿದ್ದ. ಯಾರೂ ಹೇಳಿರಲಿಲ್ಲ, ತಾನೇ ಹೋಗಿ ತಾಟು ಹಿಡಿದಿದ್ದ. ನಾನು ಅತ್ತ ನೋಡಬಾರದೆಂದು ಹಟ ಹಿಡಿದು ಇತ್ತಲೇ ನೋಡುತ್ತಿದ್ದೆ.

ವಾಲಗ ಜೋರಾಯಿತು. ತಾಳಿ ಕಟ್ಟುವ ಹೊತ್ತಿಗೆ ಅಣ್ಣ ಕತ್ತನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ ತಿರುಗಿಸಿ, ಒಂದು ಕಡೆ ತಂದು ನಿಲ್ಲಿಸಿದ. ಮಗಳ ಮುಖ ಸಿಕ್ಕಿತೆಂದು ಅವನ ಕೈಯಿಂದಲೇ ನನಗೆ ತಿಳಿಯಿತು.

"ಕಾಣಾಕತ್ತೈತೇನೋ?" ಎಂದು ಕಿವಿಯ ಹತ್ತಿರ ಕೇಳಿದೆ.

"ಮುಖ ಪೂರಾ ಕಾಣಾಕತ್ತೈತಿ. ಬಾಸಿಂಗ, ಮೂಗಬಟ್ಟು, ಎಲ್ಲಾ." ಕಣ್ಣು ಅಲುಗಿಸದೆ ಹೇಳಿದ. "ಬಾಜೂಕ ನಿಂತಾಂವ ಮಾತ್ರ ಕಾಣವಲ್ಲ ತಂಗಿ. ಅಲ್ಲೆ ನಿನ್ನ ಮಗನ್ನ ನಿಂದ್ರಿಸಿಕೊಂಡೇನಿ."

ಮೇಲಿಂದ, ಹಿಂದಿನಿಂದ, ಎಲ್ಲ ಕಡೆಯಿಂದ ಅಕ್ಕಿಕಾಳು ಬೀಳುತ್ತಿದ್ದವು. ಅಕ್ಕಿಕಾಳು ಹಿಡಿದ ನನ್ನ ಮುಷ್ಟಿ ಬಿಗಿದೇ ಇತ್ತು. ಅಣ್ಣ ನನ್ನ ಮುಂಗೈಯನ್ನು ತಡವಿ ಹುಡುಕಿ, ಸಾವಕಾಶವಾಗಿ ಮೇಲೆತ್ತಿದ.

"ಒಗಿ ತಂಗಿ" ಅಂದ.

ಒಗೆದೆ.